ಮನೆಯ ಮೂಕಜೀವಿಗಳು: ಮುದಿಬೆಕ್ಕಿನ ಉಗುರು

ಬೆಕ್ಕನ್ನು ಸಾಕಿದ ಮನೆಯವರೆಲ್ಲರಿಗೂ ಅದರ ಉಗುರಿನ ಪರಿಚಯವುಂಟು. ಆದರೆ ಆ ಪರಿಚಯವು ನಮ್ಮ ಕೈಯ ಚರ್ಮಕ್ಕೆ ಆದುದೇ ಹೊರತು ಕಣ್ಣಿಗೆ ಆದುದಲ್ಲ. ಹಸುವಿನ ಗೊರಸನ್ನು ನೋಡುತ್ತೇವೆ, ಎತ್ತಿಗೆ ಲಾಳ ಕಟ್ಟಿಸುತ್ತೇವೆ. ನಾಯಿಯ ಕಾಲಿಗೆ ಮುಳ್ಳು ಚುಚ್ಚಿದರೆ ಅದು ಕುಂಟುತ್ತ ಬಂದು ತಾನಾಗಿಯೇ ಕಾಲನ್ನು ಮುಂದಕ್ಕೆ ಚಾಚುತ್ತದೆ. ಬೆಕ್ಕು ಹಾಗೆ ಮಾಡುವ ಪ್ರಾಣಿಯಲ್ಲ. ಒರೆಯಲ್ಲಿಟ್ಟ ಕತ್ತಿಯಂತೆ ಅದು ತನ್ನ ಉಗುರನ್ನು ಒಳಗೆ ಅಡಗಿಸಿಕೊಂಡಿರುತ್ತದೆ; ತನ್ನ ನೋವನ್ನೂ ಹಾಗೆಯೇ ಅಡಗಿಸಿಕೊಂಡಿರುತ್ತದೆ. ಈ ಎರಡು ಗುಟ್ಟುಗಳೂ ಒಂದೆಡೆ ಸೇರಿದಾಗ ಏನಾಗುವುದೆಂಬುದನ್ನು ಈ ತಿಂಗಳು ಹೇಳಬೇಕೆಂದಿರುವೆನು. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿದೆ. ಪ್ರತಿ ತಿಂಗಳೂ ಇತರರಿಗೆ ಬುದ್ಧಿ ಹೇಳುವವಳು ಒಮ್ಮೆಯಾದರೂ ತನ್ನ ಮನೆಯ ಬಾಗಿಲನ್ನು ತೆರೆದು ತೋರಿಸುವುದು ನ್ಯಾಯವಲ್ಲವೇ?

ನಮ್ಮ ಬೆಕ್ಕಿನ ಹೆಸರು ಬೆಳ್ಳಿ. ಹದಿನಾಲ್ಕು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ ಹಿತ್ತಿಲಿನ ಸೌದೆಯ ರಾಶಿಯ ಹಿಂದೆ ಸಿಕ್ಕಿದ ಮರಿ ಅದು. ಪ್ರಾಯದಲ್ಲಿ ಅದು ನುಗ್ಗೆಯ ಮರವನ್ನು ಹತ್ತಿ ಹೆಂಚಿನ ಮೇಲೆ ಇಳಿಯುತ್ತಿತ್ತು. ನಡುಮನೆಯ ಮರದ ಕಂಬಕ್ಕೆ ಮುಂಗಾಲುಗಳನ್ನು ಚಾಚಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ದಿನಕ್ಕೆ ಹತ್ತು ಸಲ ಪರಪರನೆ ಕೆರೆಯುತ್ತಿತ್ತು. ಆ ಕಂಬದ ಮೇಲೆ ಇಂದಿಗೂ ಮೊಳದುದ್ದದ ಗೀರುಗಳಿವೆ. ಕಳೆದ ಒಂದು ವರ್ಷದಿಂದ ಬೆಳ್ಳಿಯ ನಡತೆ ಬದಲಾಯಿತು. ಕಂಬದ ಬಳಿಗೆ ಹೋಗುವುದನ್ನು ಬಿಟ್ಟಿತು. ಕಿಟಕಿಯ ಕಟ್ಟೆಗೆ ಹಾರುವುದನ್ನು ಬಿಟ್ಟಿತು. ರಾತ್ರಿಯ ಹೊತ್ತು ನಡುಮನೆಯ ಕಡಪಾ ಕಲ್ಲಿನ ಮೇಲೆ ನಡೆದಾಡಿದರೆ ಟಿಕ್ ಟಿಕ್ ಎಂದು ಸದ್ದು ಕೇಳಿಸುತ್ತಿತ್ತು. ‘ವಯಸ್ಸಾಯಿತು, ಪಾಪ’ ಎಂದೆವು. ಎತ್ತಿಕೊಳ್ಳಹೋದರೆ ಹಲ್ಲು ತೋರಿಸುತ್ತಿತ್ತು. ‘ಮುದುಕಿಗೆ ಮೂಗಿನ ತುದಿಯಲ್ಲೇ ಕೋಪ’ ಎಂದು ನಕ್ಕೆವು.

ನಗುವುದಕ್ಕೆ ಅವಕಾಶವಿಲ್ಲದ ದಿನವೂ ಬಂತು. ರಜೆಗೆಂದು ಬಂದಿದ್ದ ನನ್ನ ತಂಗಿಯ ಮಗಳು, ಆರು ವರ್ಷದ ಹುಡುಗಿ, ಬೆಳ್ಳಿಯ ಎಡ ಮುಂಗಾಲನ್ನು ಹಿಡಿದು ‘ಕೈ ಕೊಡೇ’ ಎಂದು ಆಡಿಸಹೋದಳು. ಬೆಳ್ಳಿ ಅವಳ ಮುಂಗೈಯನ್ನು ಕಚ್ಚಿತು, ರಕ್ತ ಬಂತು. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಆಸ್ಪತ್ರೆಗೆ ಕರೆದೊಯ್ದು, ರೇಬೀಸ್ ರೋಗದ ಚುಚ್ಚುಮದ್ದನ್ನು ಆರಂಭಿಸಿದೆವು. ಅಂದು ರಾತ್ರಿ ಊಟದ ತರುವಾಯ ಮನೆಯಲ್ಲಿ ನ್ಯಾಯಸ್ಥಾನವೇ ಕೂಡಿತು. ಮಕ್ಕಳು ಓಡಾಡುವ ಮನೆಗೆ ಇಂಥ ಪ್ರಾಣಿ ಸಲ್ಲದೆಂದು ಅತ್ತೆಯವರು ಹೇಳಿದರು. ದೂರದ ಮಾರುಕಟ್ಟೆಯ ಬಳಿ ಬಿಟ್ಟುಬಂದರೆ ಹೇಗೋ ಬದುಕಿಕೊಳ್ಳುವುದೆಂದು ಯಜಮಾನರು ಹೇಳಿದರು. ಹದಿನಾಲ್ಕು ವರ್ಷದ ಬೆಕ್ಕು ಮಾರುಕಟ್ಟೆಯಲ್ಲಿ ಒಂದು ವಾರವೂ ಬದುಕಲಾರದೆಂಬುದು ನನಗೆ ಗೊತ್ತಿತ್ತು, ಆದರೂ ಎದುರಾಡಲಿಲ್ಲ. ಕಚ್ಚಿದ ಬೆಕ್ಕನ್ನು ಹತ್ತು ದಿನಗಳ ಕಾಲ ಕಣ್ಣೆದುರಿನಲ್ಲಿಯೇ ಇಟ್ಟುಕೊಂಡು ಗಮನಿಸಬೇಕೆಂದು ಆಸ್ಪತ್ರೆಯ ವೈದ್ಯರು ಅಪ್ಪಣೆ ಮಾಡಿದ್ದರು. ಆದಕಾರಣ ಹನ್ನೊಂದನೆಯ ದಿನ ಬೆಳ್ಳಿಗೆ ಗಡಿಪಾರೆಂದು ತೀರ್ಮಾನವಾಯಿತು.

ನಾಲ್ಕನೆಯ ದಿನ ಮಧ್ಯಾಹ್ನ, ಕೊನೆಯ ಉಪಚಾರವೆಂದು ಅದರ ಬೆನ್ನಿನ ಸಿಕ್ಕುಗೂದಲನ್ನು ಬಾಚಲು ಕುಳಿತೆನು. ದಪ್ಪನೆಯ ಟವಲಿನಲ್ಲಿ ಸುತ್ತಿ, ಕಿಟಕಿಯ ಬೆಳಕಿನಲ್ಲಿ ಮಡಿಲ ಮೇಲಿಟ್ಟುಕೊಂಡಿದ್ದೆನು. ಎಡ ಮುಂಗಾಲಿನ ಕೂದಲು ನೆಕ್ಕಿ ನೆಕ್ಕಿ ಒದ್ದೆಯಾಗಿತ್ತು. ಹತ್ತಿರದಲ್ಲಿ ಸ್ವಲ್ಪ ದುರ್ವಾಸನೆಯೂ ಬಂತು. ಕೂದಲನ್ನು ಬಿಡಿಸಿ ನೋಡಿದೆನು. ಒಳಪಕ್ಕದ ಹೆಬ್ಬೆರಳಿನ ಉಗುರು ಗಾಳದ ಕೊಕ್ಕೆಯಂತೆ ಸುತ್ತಿ ಬಂದು ತನ್ನ ಕೆಳಗಿನ ಮೆತ್ತೆಯೊಳಕ್ಕೇ ಹೊಕ್ಕಿತ್ತು. ಸುತ್ತಲೂ ಕೆಂಪು ಊತ, ನಡುವೆ ಕೀವು. ನನ್ನ ಕಿರುಬೆರಳಿನ ಉಗುರಿಗಿಂತಲೂ ಸಣ್ಣದಾದ ಆ ವಸ್ತು ಎಷ್ಟು ವಾರಗಳಿಂದ ಅದರ ಮಾಂಸವನ್ನು ಕೊರೆಯುತ್ತಿತ್ತೋ! ಹುಡುಗಿ ಹಿಡಿದು ಕುಲುಕಿದ್ದು ಅದೇ ಕಾಲನ್ನು. ಬೆಳ್ಳಿ ಮಾಡಿದ್ದು ಕೋಪದ ಕೆಲಸವಾಗಿರಲಿಲ್ಲ, ನೋವಿನ ಕೂಗಾಗಿತ್ತು. ಆ ಕೂಗನ್ನು ಅದು ಬೇರೆ ರೀತಿಯಲ್ಲಿ ಒಂದು ವರ್ಷದಿಂದಲೂ ನಮಗೆ ಕೇಳಿಸುತ್ತಲೇ ಇತ್ತು. ಕಂಬವು ಹೇಳಿತ್ತು, ಕಿಟಕಿಯ ಕಟ್ಟೆ ಹೇಳಿತ್ತು, ಕಲ್ಲಿನ ಮೇಲಣ ಸದ್ದು ಹೇಳಿತ್ತು. ಕೇಳುವವರು ಇರಲಿಲ್ಲ, ಅಷ್ಟೆ.

ಇನ್ನು ಪ್ರಕೃತ ವಿಷಯಕ್ಕೆ ಬರುವೆನು. ಬೆಕ್ಕಿಗೆ ಸಾಮಾನ್ಯವಾಗಿ ೧೮ ಉಗುರುಗಳು: ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಪ್ರತಿಯೊಂದು ಉಗುರೂ ಬೆರಳಿನ ಕಡೆಯ ಮೂಳೆಯನ್ನು ಹೊದೆದುಕೊಂಡು ಬೆಳೆಯುತ್ತದೆ. ಒಳಗೆ ರಕ್ತನಾಳವೂ ನರವೂ ಇರುವ ಗುಲಾಬಿ ಬಣ್ಣದ ಭಾಗವುಂಟು. ಇದನ್ನು ಉಗುರಿನ ಜೀವವೆಂದು ಕರೆಯೋಣ. ಅದರ ಹೊರಗಿರುವುದು ನಮ್ಮ ಉಗುರು ಕೂದಲುಗಳಂತೆಯೇ ಕೆರಾಟಿನ್ ಎಂಬ ಪದಾರ್ಥದ ಕವಚ. ಈ ಕವಚವು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿರುತ್ತದೆ. ಒಳಗೆ ಹೊಸ ಪದರ ಬೆಳೆದಂತೆ ಹೊರಗಿನ ಹಳೆಯದು, ಹಾವು ಪೊರೆ ಬಿಡುವಂತೆ, ಕಳಚಿ ಬೀಳಬೇಕು. ಬೆಕ್ಕು ಕಂಬವನ್ನು ಕೆರೆಯುವುದು ಮುಖ್ಯವಾಗಿ ಇದಕ್ಕಾಗಿ. ಮೈಮುರಿಯುವುದಕ್ಕೂ, ಅಂಗಾಲಿನ ಗ್ರಂಥಿಗಳ ವಾಸನೆಯನ್ನು ಅಲ್ಲಿ ಗುರುತಾಗಿ ಬಿಡುವುದಕ್ಕೂ ಅದು ಒದಗುತ್ತದೆ. ಕಂಬದ ಬುಡದಲ್ಲಿ ಕೊಕ್ಕೆಯಾಕಾರದ ಪೊಳ್ಳು ಚೂರುಗಳನ್ನು ಕಂಡರೆ ಉಗುರೇ ಕಿತ್ತುಬಂತೆಂದು ಗಾಬರಿಪಡಬೇಕಾದುದಿಲ್ಲ. ಅದು ಆರೋಗ್ಯದ ಲಕ್ಷಣ. ಆ ಚೂರುಗಳು ಬೀಳುವುದು ನಿಂತರೆ ಯೋಚಿಸಬೇಕಾದುದು.

ಬೆಕ್ಕು ಉಗುರನ್ನು ಒಳಗೆಳೆದುಕೊಳ್ಳುತ್ತದೆಂದು ನಾವು ಹೇಳುವುದುಂಟು. ವಾಸ್ತವವಾಗಿ ಒಳಗಿರುವುದೇ ಉಗುರಿನ ವಿಶ್ರಾಂತಿಯ ಸ್ಥಿತಿ. ರಬ್ಬರಿನಂತೆ ಹಿಗ್ಗುವ ಕಟ್ಟುಗಳು ಅದನ್ನು ಹಾಗೆ ಹಿಡಿದಿರುತ್ತವೆ. ಹೊರಕ್ಕೆ ಚಾಚುವುದೇ ಸ್ನಾಯುಗಳಿಂದ ನಡೆಯುವ ಕೆಲಸ. ಮುಪ್ಪಿನಲ್ಲಿ ಉಗುರು ಪೂರ್ತಿಯಾಗಿ ಒಳಸೇರದೆ ತುದಿಗಳು ಹೊರಗೇ ನಿಲ್ಲುತ್ತವೆ. ಕಲ್ಲಿನ ಮೇಲೆ ಟಿಕ್ ಟಿಕ್ ಎನ್ನುವುದೂ, ಸೀರೆಯ ಸೆರಗಿಗೆ, ಜಮಖಾನಕ್ಕೆ ಉಗುರು ಸಿಕ್ಕಿಕೊಂಡು ಬೆಕ್ಕು ಒದ್ದಾಡುವುದೂ ಇದರಿಂದಲೇ. ಹಾಗೆ ಸಿಕ್ಕಿದ ಉಗುರನ್ನು ಬಲವಾಗಿ ಎಳೆದರೆ ಬುಡದಿಂದಲೇ ಸೀಳಿಬರುವ ಅಪಾಯವುಂಟು. ಬಟ್ಟೆಯನ್ನೇ ಉಗುರಿನ ಕಡೆಗೆ ತಂದು ಮೆಲ್ಲಗೆ ಬಿಡಿಸಬೇಕು.

ಮುದಿಬೆಕ್ಕು ಕೆರೆಯುವುದನ್ನು ಏಕೆ ಬಿಡುತ್ತದೆ? ಸೋಮಾರಿತನದಿಂದಲ್ಲ, ಕೀಲುಗಳ ನೋವಿನಿಂದ. ಹನ್ನೆರಡು ವರ್ಷ ಮೀರಿದ ೧೦೦ ಬೆಕ್ಕುಗಳ ಕ್ಷಕಿರಣ ಚಿತ್ರಗಳನ್ನು ಅಮೆರಿಕೆಯ ಪಶುವೈದ್ಯರು ಪರಿಶೀಲಿಸಿ ೨೦೦೨ರಲ್ಲಿ ಪ್ರಕಟಿಸಿದ ವರದಿಯಲ್ಲಿ, ೯೦ ಬೆಕ್ಕುಗಳಲ್ಲಿ ಕೀಲುಗಳ ಸವೆತದ ಗುರುತುಗಳು ಕಂಡುವೆಂದಿದೆ. ಭುಜವೂ ಮೊಣಕೈಯೂ ಬೆನ್ನೂ ನೋಯುವ ಪ್ರಾಣಿ ಕಂಬಕ್ಕೆ ಮೈಚಾಚಿ ನಿಲ್ಲುವುದು ಹೇಗೆ? ಕೆರೆಯದಿದ್ದರೆ ಹಳೆಯ ಪದರಗಳು ಉದುರುವುದಿಲ್ಲ. ಉಗುರು ದಪ್ಪವಾಗಿ, ಪೆಡಸಾಗಿ, ಉದ್ದವಾಗಿ ಬಾಗುತ್ತದೆ. ಅದರಲ್ಲಿಯೂ ಮುಂಗಾಲಿನ ಹೆಬ್ಬೆರಳಿನ ಉಗುರು ನೆಲವನ್ನು ಮುಟ್ಟುವುದೇ ಇಲ್ಲವಾದುದರಿಂದ ಸವೆಯುವ ಮಾರ್ಗವಿಲ್ಲ. ಅದು ಸುತ್ತಿಕೊಂಡು ಮೆತ್ತೆಯನ್ನು ಚುಚ್ಚುತ್ತದೆ. ಕೆಲವು ಬೆಕ್ಕುಗಳು ಹುಟ್ಟುವಾಗಲೇ ಆರು ಅಥವಾ ಏಳು ಬೆರಳುಗಳನ್ನು ಪಡೆದಿರುತ್ತವೆ. ಅಮೆರಿಕೆಯ ಕೀ ವೆಸ್ಟ್ ಎಂಬ ದ್ವೀಪದಲ್ಲಿ ಅರ್ನೆಸ್ಟ್ ಹೆಮಿಂಗ್ವೇ ಎಂಬ ಗ್ರಂಥಕರ್ತನು ಬಾಳಿದ ಮನೆಯು ಇಂಥ ಬೆಕ್ಕುಗಳಿಗೆ ಹೆಸರಾಗಿದೆ. ಹೆಚ್ಚಿನ ಬೆರಳಿನ ಉಗುರು ಎರಡು ಬೆರಳುಗಳ ಸಂದಿಯಲ್ಲಿ ಅಡಗಿರುವುದರಿಂದ ಅಂಥ ಬೆಕ್ಕನ್ನು ಸಾಕಿದವರು ಇಮ್ಮಡಿ ಎಚ್ಚರದಿಂದಿರಬೇಕು.

ಆದುದರಿಂದ ಉಗುರನ್ನು ನೋಡುವ ಕೆಲಸವನ್ನು ಬೆಕ್ಕಿಗೆ ಬಿಡದೆ ನಾವೇ ವಹಿಸಿಕೊಳ್ಳಬೇಕು. ಪ್ರಾಯದ ಬೆಕ್ಕಿಗೆ ಹದಿನೈದು ದಿನಗಳಿಗೊಮ್ಮೆ ಸಾಕು. ಹತ್ತು ವರ್ಷ ದಾಟಿದುದಕ್ಕೆ ವಾರಕ್ಕೊಮ್ಮೆ. ಮೈ ಬಾಚುವ ದಿನವೇ ಇದಕ್ಕೆ ತಕ್ಕ ದಿನ. ಹೊಟ್ಟೆ ತುಂಬಿ ತೂಕಡಿಸುವ ಹೊತ್ತನ್ನು ಆರಿಸಿಕೊಂಡು, ಬೆಳಕಿಗೆ ಎದುರಾಗಿ ಕುಳಿತು, ಬೆಕ್ಕಿನ ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ಮಡಿಲಲ್ಲಿರಿಸಿಕೊಳ್ಳಿರಿ. ಮೊದಲು ತಲೆ ಕೆನ್ನೆಗಳನ್ನು ಬಾಚಿ, ಅದರ ಮೈ ಸಡಿಲವಾದ ಮೇಲೆ ಒಂದು ಪಾದವನ್ನು ಕೈಗೆ ತೆಗೆದುಕೊಂಡು, ಬೆರಳಿನ ಮೇಲೆ ನಿಮ್ಮ ಹೆಬ್ಬೆರಳನ್ನೂ ಕೆಳಗಿನ ಮೆತ್ತೆಯಲ್ಲಿ ತೋರುಬೆರಳನ್ನೂ ಇಟ್ಟು ಹಗುರವಾಗಿ ಒತ್ತಿದರೆ ಉಗುರು ಹೊರಬರುವುದು. ಹೆಬ್ಬೆರಳಿನಿಂದ ಆರಂಭಿಸಿ ಬಾಯಿಬಿಟ್ಟು ಎಣಿಸಿರಿ. ಎಣಿಕೆ ಹದಿನೆಂಟಕ್ಕೆ ಮುಟ್ಟದಿದ್ದರೆ ಪರೀಕ್ಷೆ ಮುಗಿಯಲಿಲ್ಲವೆಂದು ತಿಳಿಯತಕ್ಕದ್ದು. ಏಕೆಂದರೆ ನಮ್ಮ ಕಣ್ಣಿಗೆ ತಪ್ಪುವ ಉಗುರೇ ಬಹುಮಟ್ಟಿಗೆ ಕೆಟ್ಟಿರುವ ಉಗುರು.

ಒಂದೊಂದು ಉಗುರಿಗೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ತುದಿ ಎತ್ತ ಬಾಗಿದೆ? ಮೈ ನಯವಾಗಿದೆಯೋ, ದಪ್ಪಗಾಗಿ ಬಿರಿದಿದೆಯೋ? ಬುಡದ ಚರ್ಮ ಒಣಗಿ ಸ್ವಚ್ಛವಾಗಿದೆಯೋ, ಕೆಂಪಾಗಿ ಒಸರುತ್ತಿದೆಯೋ? ಎದುರಿನ ಮೆತ್ತೆಯಲ್ಲಿ ಗುಳಿ ಅಥವಾ ಗಾಯವುಂಟೋ? ಮುಟ್ಟುವಾಗ ಬೆಕ್ಕಿನ ಮುಖವನ್ನೂ ನೋಡುತ್ತಿರಬೇಕು. ಕೆನಡಾ ದೇಶದ ಮಾಂಟ್ರಿಯಲ್ ವಿಶ್ವವಿದ್ಯಾನಿಲಯದ ಪಶುವೈದ್ಯರು ಬೆಕ್ಕಿನ ನೋವನ್ನು ಮುಖದಿಂದಲೇ ಅಳೆಯುವ ಕ್ರಮವೊಂದನ್ನು ೨೦೧೯ರಲ್ಲಿ ಪ್ರಕಟಿಸಿದರು. ಅವರು ಗಮನಿಸಹೇಳುವುದು ಐದು ಅಂಶಗಳನ್ನು: ಕಿವಿಗಳು ಪಕ್ಕಕ್ಕೆ ತಿರುಗಿ ಚಪ್ಪಟೆಯಾಗುವುದು, ಕಣ್ಣುಗಳು ಕಿರಿದಾಗುವುದು, ಮೂತಿ ಬಿಗಿಯುವುದು, ಮೀಸೆಗಳು ನೆಟ್ಟಗೆ ಚಾಚುವುದು, ತಲೆ ಭುಜಗಳ ಮಟ್ಟಕ್ಕಿಂತ ಕೆಳಗಿಳಿಯುವುದು. ಗುರುಗುರು ಎನ್ನುತ್ತಿದೆ, ಆದುದರಿಂದ ಸುಖವಾಗಿದೆ ಎಂದು ನಂಬಕೂಡದು. ನೋವಿನಲ್ಲಿರುವ ಬೆಕ್ಕೂ ಗುರುಗುರು ಎನ್ನುವುದುಂಟು.

ಕಂಡುದರಲ್ಲಿ ಯಾವುದು ಮನೆಯ ಕೆಲಸ, ಯಾವುದು ವೈದ್ಯರ ಕೆಲಸ ಎಂಬ ವಿವೇಕವು ಬಹು ಮುಖ್ಯ. ಹೊರಪದರ ಸಡಿಲಗೊಂಡಿದ್ದರೆ ಏನನ್ನೂ ಮಾಡಬೇಕಾದುದಿಲ್ಲ. ಉಗುರು ಉದ್ದವಾಗಿದ್ದು ಮೆತ್ತೆಗೆ ಇನ್ನೂ ತಾಗದಿದ್ದರೆ ಮನೆಯಲ್ಲಿಯೇ ಕತ್ತರಿಸಬಹುದು. ಉಗುರು ಮುರಿದು ಒಳಗಿನ ಜೀವ ತೆರೆದುಕೊಂಡಿದ್ದರೆ, ಬುಡ ಊದಿ ಗಿಣ್ಣಿನಂಥ ಕೀವು ಕೂಡಿದ್ದರೆ, ತುದಿ ಮೆತ್ತೆಯನ್ನು ಹೊಕ್ಕಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಒಂದೇ ಬೆರಳಿನ ಕೀವು ಹೆಚ್ಚಾಗಿ ಗಾಯದಿಂದಾದುದು. ಹಲವು ಪಾದಗಳ ಹಲವು ಬೆರಳುಗಳಲ್ಲಿ ಒಮ್ಮೆಗೇ ಹಾಗಾದರೆ ದೋಷವು ಉಗುರಿನಲ್ಲಿಲ್ಲ, ಮೈಯೊಳಗೆ ಇದೆ. ದೇಹದ ರಕ್ಷಣಾಶಕ್ತಿಯು ತನ್ನ ಚರ್ಮದ ಮೇಲೆಯೇ ತಿರುಗಿಬೀಳುವ ರೋಗ, ಆ ಶಕ್ತಿಯನ್ನು ಕುಂದಿಸುವ ವೈರಸ್ಸುಗಳು, ಮಧುಮೇಹ ಇವುಗಳನ್ನು ವೈದ್ಯರು ರಕ್ತಪರೀಕ್ಷೆಯಿಂದಲೂ ಚರ್ಮದ ಪರೀಕ್ಷೆಯಿಂದಲೂ ಹುಡುಕುವರು. ಬುಡದಲ್ಲಿ ಕೂದಲುದುರಿ ಹೊಟ್ಟೇಳುತ್ತಿದ್ದರೆ ಹುಳುಕಡ್ಡಿಯಾಗಿರಬಹುದು. ಅದು ಮನೆಯ ಮಕ್ಕಳಿಗೂ ಅಂಟುವ ರೋಗ.

ಇನ್ನೆರಡು ಲಕ್ಷಣಗಳನ್ನು ವಿಶೇಷವಾಗಿ ನೆನಪಿಡಿರಿ. ಮುದಿಬೆಕ್ಕಿನ ಉಗುರುಗಳು ಬೇಗ ಬೇಗ ಬೆಳೆದು ದಪ್ಪವಾಗುತ್ತಿದ್ದು, ಅದು ಹೊಟ್ಟೆಬಾಕನಂತೆ ತಿಂದರೂ ದಿನೇ ದಿನೇ ಸೊರಗುತ್ತ, ನಿದ್ರೆಯಿಲ್ಲದೆ ಅಲೆಯುತ್ತಿದ್ದರೆ ಥೈರಾಯಿಡ್ ಗ್ರಂಥಿಯ ಅತಿವ್ಯಾಪಾರವೆಂದು ಸಂದೇಹಿಸಬೇಕು. ಇದು ಔಷಧಕ್ಕೆ ಬಗ್ಗುವ ರೋಗ. ಬೆರಳೊಂದು ಅಥವಾ ಹಲವು ಊದಿ, ಬೆಕ್ಕು ಕುಂಟುತ್ತಿದ್ದು, ಕೀವಿನ ಔಷಧದಿಂದ ವಾಸಿಯಾಗದಿದ್ದರೆ ಎದೆಯ ಕ್ಷಕಿರಣ ಚಿತ್ರವನ್ನು ತೆಗೆಸುವುದು ಅವಶ್ಯಕ. ಬೆಕ್ಕುಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕೆಲವು ವೇಳೆ ಕೆಮ್ಮಿನ ಸುಳಿವನ್ನೂ ಕೊಡದೆ ಮೊದಲು ಬೆರಳ ತುದಿಗಳಲ್ಲಿ ತಲೆದೋರುತ್ತದೆ. ಕಾಲಿನ ಮಾತು ಎದೆಯದಾಗಿರಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಕತ್ತರಿಸುವ ಕ್ರಮ ಹೀಗೆ: ಬೆಕ್ಕಿನ ಉಗುರಿಗೆಂದೇ ಮಾಡಿದ, ಹರಿತವಾದ ಕತ್ತರಿ ಬೇಕು, ಮೊಂಡಾದುದು ಕತ್ತರಿಸದೆ ಜಜ್ಜುತ್ತದೆ. ಉಗುರನ್ನು ಬೆಳಕಿಗೆ ಹಿಡಿದರೆ ಬಿಳಿಯ ಕವಚದೊಳಗೆ ಗುಲಾಬಿ ಬಣ್ಣದ ಜೀವ ಕಾಣುವುದು. ಅದರಿಂದ ಎರಡು ಮಿಲಿಮೀಟರಿನಷ್ಟು ಮುಂದೆ, ಕೇವಲ ಬಾಗಿದ ಚೂಪು ತುದಿಯನ್ನು ತೆಗೆಯಿರಿ. ಮುದಿಬೆಕ್ಕಿನ ದಪ್ಪ ಉಗುರಿನಲ್ಲಿ ಜೀವ ಕಾಣದಿದ್ದರೆ ಎಳ್ಳಿನಷ್ಟೆಷ್ಟೇ ಚೂರುಗಳಾಗಿ ತೆಗೆಯುತ್ತ ಬರಬೇಕು. ಹದಿನೆಂಟನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಎರಡು ಉಗುರು ಕತ್ತರಿಸಿ, ಅದಕ್ಕೆ ಪ್ರಿಯವಾದುದೊಂದು ತುಣುಕನ್ನು ತಿನ್ನಿಸಿ ಬಿಟ್ಟುಬಿಡಿರಿ. ಹೊರಗೆ ಸುತ್ತಾಡುವ ಪ್ರಾಯದ ಬೆಕ್ಕಿಗೆ ನಾಯಿ ಅಟ್ಟಿಸಿಕೊಂಡು ಬಂದಾಗ ಮರ ಹತ್ತಲು ಉಗುರಿನ ಚೂಪೇ ಆಧಾರ. ಅಂಥದರ ಉಗುರನ್ನು ನೋಡಿದರೆ ಸಾಕು, ಅತಿಯಾಗಿ ಬೆಳೆದ ಹೊರತು ಕತ್ತರಿಸಬಾರದು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಅರಿಯದವರು ಯಾರು? ಕೃಷ್ಣದೇವರಾಯನು ಕೊಟ್ಟ ಮರಿಗೆ ಮೊದಲ ದಿನವೇ ಸುಡುಸುಡುವ ಹಾಲನ್ನು ಇಟ್ಟನಂತೆ. ಆಮೇಲೆ ಆ ಬೆಕ್ಕು ಹಾಲಿನ ಬಟ್ಟಲನ್ನು ಕಂಡರೆ ಸಾಕು, ಓಡಿಹೋಗುತ್ತಿತ್ತಂತೆ. ಕಥೆಯು ನಗುವುದಕ್ಕಾಗಿ ಹುಟ್ಟಿದ್ದರೂ ಅದರಲ್ಲಿರುವ ಬೆಕ್ಕಿನ ಸ್ವಭಾವ ಸುಳ್ಳಲ್ಲ. ಮೊದಲ ದಿನ ಜೀವಕ್ಕೆ ಕತ್ತರಿ ತಾಗಿಸಿದಿರಾದರೆ ಮುಂದೆ ಕತ್ತರಿಯ ಸದ್ದಿಗೇ ಬೆಕ್ಕು ಅಟ್ಟವನ್ನು ಸೇರುವುದು. ಆದುದರಿಂದ ಮೊದಲ ಕೆಲವು ದಿನ ಕತ್ತರಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಬರಿದೇ ಪಾದವನ್ನು ಮುಟ್ಟಿ ಅಭ್ಯಾಸ ಮಾಡಿಸಿರಿ. ಎಷ್ಟು ಜಾಗರೂಕತೆಯಿದ್ದರೂ ಒಮ್ಮೊಮ್ಮೆ ರಕ್ತ ಬರುವುದುಂಟು. ಆಗ ಕಿರಿಚದೆ, ಶುಭ್ರವಾದ ಅರಳೆಬಟ್ಟೆಯಲ್ಲಿ ಒಂದಿಷ್ಟು ಮುಸುಕಿನ ಜೋಳದ ಹಿಟ್ಟನ್ನಿಟ್ಟು ಉಗುರಿನ ತುದಿಗೆ ಐದು ನಿಮಿಷ ಒತ್ತಿ ಹಿಡಿದರೆ ನಿಲ್ಲುವುದು. ಹತ್ತು ನಿಮಿಷವಾದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು.

ಮೆತ್ತೆಯನ್ನು ಹೊಕ್ಕ ಉಗುರನ್ನು ಮನೆಯಲ್ಲಿ ಕತ್ತರಿಸಿ ಎಳೆಯುವ ಸಾಹಸವನ್ನು ಮಾಡಲೇಬಾರದು. ಒಳಗೆ ಚೂರು ಉಳಿದರೆ ಗಾಯ ಮೇಲೆ ಮುಚ್ಚಿಕೊಂಡು ಕೆಳಗೆ ಕೀವು ಬೆಳೆಯುವುದು. ಬೆಳ್ಳಿಯನ್ನು ಪಶುವೈದ್ಯರಲ್ಲಿಗೆ ಒಯ್ದೆವು. ಕಚ್ಚಿದ ಸಂಗತಿಯನ್ನು ಮೊದಲೇ ತಿಳಿಸಿದೆವು. ಅವರು ಮಂಪರಿನ ಮದ್ದು ಕೊಟ್ಟು, ಉಗುರನ್ನು ಕತ್ತರಿಸಿ, ಮೆತ್ತೆಯಲ್ಲಿ ನೆಟ್ಟಿದ್ದ ತುಂಡನ್ನು ಹೊರತೆಗೆದು ತೊಳೆದರು. ಕೀವು ಆರಲು ಔಷಧವನ್ನೂ ಕೀಲುನೋವಿಗೆ ಬೇರೆ ಔಷಧವನ್ನೂ ಬರೆದುಕೊಟ್ಟರು. ಮನೆಯಲ್ಲಿ ನಮಗೆ ಉಳಿದುದು, ದಿನಕ್ಕೆರಡು ಸಲ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಪಾದವನ್ನು ತೊಳೆದು ಒರಸುವುದು ಮಾತ್ರ.

ಇಲ್ಲಿ ಒಂದು ಎಚ್ಚರಿಕೆಯನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ನೋವಿಗೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಗುಳಿಗೆಯು ಬೆಕ್ಕಿಗೆ ವಿಷ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು; ರಕ್ತವು ಪ್ರಾಣವಾಯುವನ್ನು ಹೊರಲಾರದೆ ಹೋಗುತ್ತದೆ; ಒಂದೇ ಗುಳಿಗೆ ಪ್ರಾಣವನ್ನು ತೆಗೆಯಬಹುದು. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಫಿನಾಲ್ ಜಾತಿಯ ಕ್ರಿಮಿನಾಶಕ ದ್ರವಗಳು, ಕರ್ಪೂರ ಬೆರೆತ ಮುಲಾಮುಗಳು ಇವನ್ನೂ ಅದರ ಕಾಲಿಗೆ ಹಚ್ಚಕೂಡದು. ಬೆಕ್ಕಿನ ಪಾದಕ್ಕೆ ಹಚ್ಚಿದುದೆಲ್ಲ ಅದರ ನಾಲಿಗೆಯ ಮೂಲಕ ಹೊಟ್ಟೆಯನ್ನು ಸೇರುವುದೆಂಬುದನ್ನು ಮರೆಯದಿದ್ದರೆ ಸಾಕು.

ಉಗುರಿನ ಪೀಡೆಯೇ ಬೇಡವೆಂದು ಅದನ್ನು ಪೂರ್ತಿಯಾಗಿ ತೆಗೆಸಬಾರದೇ ಎಂದು ಕೇಳುವವರೂ ಉಂಟು. ಹಾಗೆ ತೆಗೆಯುವುದೆಂದರೆ ಉಗುರನ್ನು ಕೀಳುವುದಲ್ಲ. ಪ್ರತಿ ಬೆರಳಿನ ಕಡೆಯ ಮೂಳೆಯನ್ನೇ ಕತ್ತರಿಸುವುದು. ನಮ್ಮ ಬೆರಳನ್ನು ತುದಿಗೆಣ್ಣಿನಲ್ಲಿ ಕಡಿದಂತೆ. ಈ ಪದ್ಧತಿ ಬಹಳ ಕಾಲ ನಡೆದುಬಂದ ಅಮೆರಿಕೆಯಲ್ಲಿಯೇ ನ್ಯೂಯಾರ್ಕ್ ಸಂಸ್ಥಾನವು ೨೦೧೯ರಲ್ಲಿ ಇದನ್ನು ಶಾಸನದಿಂದ ನಿಷೇಧಿಸಿತು. ಪೀಠೋಪಕರಣವನ್ನು ಉಳಿಸಿಕೊಳ್ಳಲು ಸುಲಭೋಪಾಯ ನಮ್ಮ ಹಿತ್ತಿಲಿನಲ್ಲಿಯೇ ಇದೆ. ಬೆಕ್ಕು ಮೈ ಪೂರ್ತಿ ಚಾಚಿದರೂ ಮೀರದಷ್ಟು ಎತ್ತರದ ಮರದ ತುಂಡಿಗೆ ತೆಂಗಿನ ನಾರಿನ ಹಗ್ಗವನ್ನು ಬಿಗಿಯಾಗಿ ಸುತ್ತಿ, ಅಲುಗಾಡದಂತೆ ನಿಲ್ಲಿಸಿರಿ. ಅಲುಗುವ ಕಂಬವನ್ನು ಬೆಕ್ಕು ನಂಬುವುದಿಲ್ಲ. ಎದ್ದುನಿಲ್ಲಲಾರದ ಮುದಿಬೆಕ್ಕಿಗೆ ಗೋಣಿತಾಟನ್ನು ಹಲಗೆಗೆ ಬಡಿದು ನೆಲದ ಮೇಲೆ ಹಾಕಿರಿ.

ಬೆಕ್ಕು ಪರಚಿದರೆ ಅಥವಾ ಕಚ್ಚಿದರೆ ಅರಿಶಿನ ಮೆತ್ತಿ ಸುಮ್ಮನಾಗುವುದು ತರವಲ್ಲ. ಒಡನೆಯೇ ಸೋಪುನೀರಿನಲ್ಲಿ ೧೫ ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ರೇಬೀಸ್ ರೋಗವು ನಾಯಿಯಿಂದ ಮಾತ್ರ ಬರುವುದೆಂಬ ಭಾವನೆ ತಪ್ಪು, ಮತ್ತು ಲಕ್ಷಣಗಳು ಕಂಡ ಮೇಲೆ ಅದಕ್ಕೆ ಮದ್ದಿಲ್ಲ. ಚಿಗಟದ ಮಲವು ಉಗುರಿನ ಸಂದಿಯಲ್ಲಿ ಸೇರಿ, ಪರಚಿದ ಗಾಯದ ಮೂಲಕ ಜ್ವರವನ್ನೂ ಗಂಟಲು ಕಂಕುಳುಗಳ ಗಡ್ಡೆಗಳನ್ನೂ ತರುವುದುಂಟು. ಸಾಕಿದ ಬೆಕ್ಕಿಗೆ ರೇಬೀಸ್ ಲಸಿಕೆಯನ್ನು ತಪ್ಪದೆ ಹಾಕಿಸಿ, ಚಿಗಟಗಳನ್ನು ವೈದ್ಯರು ಹೇಳಿದ ಔಷಧದಿಂದ ನಿವಾರಿಸಿಕೊಳ್ಳಿರಿ. ನಾಯಿಗೆ ಹಚ್ಚುವ ಚಿಗಟದ ಔಷಧಗಳಲ್ಲಿ ಕೆಲವು ಬೆಕ್ಕಿಗೆ ಪ್ರಾಣಾಂತಕ.

ಹನ್ನೊಂದನೆಯ ದಿನ ಬಂತು. ಬೆಳ್ಳಿಗೆ ಹುಚ್ಚಿನ ಲಕ್ಷಣ ಯಾವುದೂ ಕಾಣಲಿಲ್ಲ. ಹುಡುಗಿಯ ಗಾಯವೂ ಮಾಗಿತ್ತು. ಗಡಿಪಾರಿನ ಮಾತನ್ನು ಯಾರೂ ಎತ್ತಲಿಲ್ಲ. ಅಂದು ಬೆಳಗ್ಗೆ ಅಡುಗೆಮನೆಯಿಂದ ಹೊರಬಂದಾಗ ಕಂಡುದೇನೆಂದರೆ, ಅತ್ತೆಯವರು ಹಳೆಯ ಗೋಣಿಚೀಲವೊಂದನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಕಂಬದ ಬುಡದಲ್ಲಿ ಹಾಸುತ್ತಿದ್ದರು. ನನ್ನನ್ನು ನೋಡಿ, ‘ಎತ್ತರಕ್ಕೆ ಕೈ ಎಟುಕದಿದ್ದರೆ ಅದು ತಾನೇ ಏನು ಮಾಡೀತು? ನನಗೂ ಮೇಲಿನ ಗೂಡಿನ ಡಬ್ಬಿ ಎಟುಕುವುದಿಲ್ಲ’ ಎಂದರು. ಬೆಳ್ಳಿ ಆ ದಿನವೇನೂ ಕೆರೆಯಲಿಲ್ಲ. ಮೂರು ದಿನ ಅದರ ಮೇಲೆ ಮಲಗಿ ನಿದ್ರಿಸಿತು. ನಾಲ್ಕನೆಯ ದಿನ ಮುಸ್ಸಂಜೆಯಲ್ಲಿ, ಒಂದೇ ಒಂದು ಸಲ, ಗೋಣಿಯ ಮೇಲೆ ಪರ್ ಎಂಬ ಸದ್ದು ಕೇಳಿಸಿತು.

ಹುಡುಗಿ ಊರಿಗೆ ಹೊರಡುವ ಮೊದಲು ನಾನು ಅವಳಿಗೆ ಬೆಳ್ಳಿಯನ್ನು ದೂರದಿಂದ ತೋರಿಸಿ, ಅದು ಏಕೆ ಕಚ್ಚಿತೆಂಬುದನ್ನು ತಿಳಿಸಿದೆನು. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ದೊಡ್ಡಮ್ಮ, ಹಾಗಾದರೆ ನೀವು ಯಾಕೆ ಮೊದಲೇ ನೋಡಲಿಲ್ಲ?’ ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ವಾಚಕರೇ, ನಿಮ್ಮ ಮನೆಯಲ್ಲಿಯೂ ಮುದಿಬೆಕ್ಕೊಂದು ಇದ್ದರೆ ಇಂದು ಸಂಜೆಯೇ ಅದನ್ನು ಮಡಿಲಿಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಆರಂಭಿಸಿ, ಹದಿನೆಂಟನ್ನೂ ಎಣಿಸಿರಿ.